ಬರೆದದ್ದನ್ನೇ ಬರೆಯುವುದು : ಚಕ್ರವರ್ತಿಯೊಬ್ಬನ ಆತ್ಮಾವಲೋಕನ



ಕೆಲವು ತಿಂಗಳುಗಳ ಹಿಂದೆ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಶ್ರೀಮಠಕ್ಕೆ ಬಂದಿದ್ದರು. ಪೂಜ್ಯರ ದರ್ಶನ ಪಡೆದು ಗ್ರಂಥಾಲಯದ ಕಡೆಗೆ ಬಂದವರು ಚೀಲದಿಂದ ನೋಟುಬುಕ್ಕೊಂದನ್ನು ಹೊರತೆಗೆದು, "ತಮ್ಮಾ, ದಿನಾ ರಾತ್ರಿ ಬರೀತೀನಿ. ಆದ್ರ ಬರದದ್ದನ್ನ ಮತ್ತ ಬರೀತೀನಿ. ಇದರಿಂದ ಏನ್ ಬಂತು?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೇ ನನ್ನನ್ನು ಇತಿಹಾಸದ ಒಂದು ಪುಟದ ಕಡೆಗೆ ಕರೆದೊಯ್ದಿತು. ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕ್ರಿ.ಶ. 161ರಿಂದ 180ರವರೆಗೆ ರೋಮ್ ಸಾಮ್ರಾಜ್ಯವನ್ನು ಆಳಿದವನು ಮಾರ್ಕಸ್ ಅರೇಲಿಯಸ್. ಅವನ ಆಳ್ವಿಕೆಯುದ್ದಕ್ಕೂ ಸಂಕಟಗಳು ಸಾಲುಗಟ್ಟಿ ಬಂದವು. ಪೂರ್ವದ ಯುದ್ಧದಿಂದ ಮರಳಿದ ಸೈನ್ಯದೊಡನೆ ಭೀಕರ ಸಾಂಕ್ರಾಮಿಕ ರೋಗ ನಾಡಿಗೆ ಹಬ್ಬಿತು. ಡಾನ್ಯೂಬ್ ನದಿಯ ಗಡಿಯಲ್ಲಿ ವರ್ಷಗಟ್ಟಲೆ ಯುದ್ಧ ನಡೆಯಿತು. ಅವನ ಮಕ್ಕಳಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ಕ್ರಿ.ಶ. 169ರಲ್ಲಿ, ಅವನು ದಂಡಯಾತ್ರೆಗೆ ಹೊರಡುವ ಹೊತ್ತಿನಲ್ಲಿ, ಏಳು ವರ್ಷದ ಮಗ ಕಿವಿಯ ಕೆಳಗಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅಸುನೀಗಿದನು. ತಂದೆ ಐದೇ ದಿನ ಶೋಕವನ್ನಾಚರಿಸಿ ರಾಜಕಾರ್ಯಕ್ಕೆ ಮರಳಿದನೆಂದು ಪ್ರಾಚೀನ ಚರಿತ್ರೆಯೊಂದು ಹೇಳುತ್ತದೆ.

ಆದರೆ ಐದು ದಿನಗಳಲ್ಲಿ ಮುಗಿಯುವ ಶೋಕವುಂಟೇ? ಹೊರಗೆ ತೋರಲಾಗದ ಆ ತಳಮಳ ಎಲ್ಲಿಗೆ ಹೋಯಿತು ಎಂಬುದಕ್ಕೆ ಅವನು ತನಗಾಗಿ ಬರೆದುಕೊಂಡ ಟಿಪ್ಪಣಿಗಳೇ ಸಾಕ್ಷಿ. ಲ್ಯಾಟಿನ್ ಮಾತಾಡುವ ರಾಜಧಾನಿಯ ಅರಸನಾದರೂ ಅವನ್ನು ಅವನು ಬರೆದದ್ದು ತತ್ತ್ವಶಾಸ್ತ್ರದ ಭಾಷೆಯಾದ ಗ್ರೀಕಿನಲ್ಲಿ. ಇಂದು ಅವು ಹನ್ನೆರಡು ಭಾಗಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಒಂದರ ಜೊತೆ ಕಾರ್ನುಂಟಂ ಎಂಬ ಸ್ಥಳದ ಹೆಸರಿದೆ. ಇಂದಿನ ಆಸ್ಟ್ರಿಯಾದಲ್ಲಿರುವ ಅದು ಅಂದು ಗಡಿಯ ಸೇನಾನೆಲೆಯಾಗಿತ್ತು. ಆದರೂ ಈ ಬರಹದಲ್ಲಿ ಯುದ್ಧದ ವಿವರಗಳಾಗಲಿ ಗೆಲುವಿನ ವರ್ಣನೆಗಳಾಗಲಿ ಇಲ್ಲವೆಂದೇ ಹೇಳಬೇಕು. ಅಲ್ಲಿರುವುದು ಒಂದು ಮನಸ್ಸು ತನ್ನನ್ನೇ "ನೀನು" ಎಂದು ಕರೆದು ಬುದ್ಧಿ ಹೇಳಿಕೊಳ್ಳುವ ಮಾತು.

ಆ ಮಾತು ಎಷ್ಟು ಸಾಮಾನ್ಯರದ್ದಾಗಿದೆ ಎಂಬುದನ್ನು ಗಮನಿಸಬೇಕು. ಮುಂಜಾನೆ ಹಾಸಿಗೆ ಬಿಟ್ಟೇಳಲು ಮನಸ್ಸೊಪ್ಪದಿರುವಾಗ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತಾನೆ. ಇಂದು ಕೃತಘ್ನರೂ ಅಸೂಯಾಪರರೂ ಎದುರಾಗುವರೆಂದು ಬೆಳಗಿನಲ್ಲೇ ಮನಸ್ಸನ್ನು ಸಿದ್ಧಗೊಳಿಸುತ್ತಾನೆ. ಹನ್ನೊಂದನೆಯ ಭಾಗದಲ್ಲಿ, ಕೋಪ ಏಕೆ ಸಲ್ಲದೆಂಬುದಕ್ಕೆ ಒಂಬತ್ತು ವಿಚಾರಗಳನ್ನು ಪಟ್ಟಿ ಮಾಡಿ, ಅವೂ ಸಾಲವೆಂಬಂತೆ ಹತ್ತನೆಯದನ್ನೂ ಸೇರಿಸುತ್ತಾನೆ. ಮಗುವನ್ನು ಕಳೆದುಕೊಳ್ಳದಿರಲಿ ಎಂದು ಬೇಡುವ ಬದಲು, ಕಳೆದುಕೊಳ್ಳುವ ಭಯ ತನ್ನಿಂದ ದೂರವಾಗಲಿ ಎಂದು ಬೇಡುವುದು ಲೇಸೆಂದು ಇನ್ನೊಂದೆಡೆ ಚಿಂತಿಸುತ್ತಾನೆ. ಕೋಪ, ಕೀರ್ತಿಯ ಆಸೆ, ಸಾವು ಈ ಮೂರೂ ಮರಳಿ ಮರಳಿ ಬರುತ್ತವೆ. ಗೆದ್ದ ಶತ್ರುವಿನ ಮೇಲೆ ಯಾರೂ ನಿತ್ಯ ದಂಡೆತ್ತಿ ಹೋಗುವುದಿಲ್ಲ. ಪುನರುಕ್ತಿಯೆಂದು ನಮಗೆ ತೋರುವುದು ಅವನ ಮುಗಿಯದ ಹೋರಾಟದ ಗುರುತು.

ಈ ಅಭ್ಯಾಸ ಅವನೊಬ್ಬನದಲ್ಲ. ಅವನಿಗಿಂತ ನೂರು ವರ್ಷ ಹಿಂದಿನ ಸೆನೆಕಾ, ರಾತ್ರಿ ದೀಪವನ್ನು ಒಯ್ದ ಮೇಲೆ, ತನ್ನ ರೂಢಿಯನ್ನು ಬಲ್ಲ ಮಡದಿ ಮೌನವಾಗಿರಲು, ದಿನದ ನಡೆನುಡಿಗಳನ್ನೆಲ್ಲ ತನ್ನೊಳಗೆ ವಿಚಾರಣೆ ಮಾಡಿಕೊಳ್ಳುತ್ತಿದ್ದುದಾಗಿ ಬರೆದಿದ್ದಾನೆ. ಮಾರ್ಕಸನು ಬಹುವಾಗಿ ನೆನೆಯುವ ಎಪಿಕ್ಟೀಟಸ್ ಗುಲಾಮನಾಗಿ ಬದುಕು ಕಂಡವನು. ಚಕ್ರವರ್ತಿಯೊಬ್ಬನು ಗುಲಾಮನಾಗಿದ್ದವನನ್ನು ಗುರುವೆಂದು ಬಗೆದನೆಂಬುದು ಶರಣ ಪರಂಪರೆಯ ನಮಗೆ ವಿಶೇಷ ಆನಂದವನ್ನು ಕೊಡುವ ಸಂಗತಿ. ಬಸವಣ್ಣನವರೂ ಅನೇಕ ವಚನಗಳಲ್ಲಿ ತಮ್ಮ ಮನಸ್ಸಿನ ಚಂಚಲತೆಯನ್ನು ಮುಚ್ಚಿಡದೆ ತೋಡಿಕೊಂಡಿದ್ದಾರೆ. ಆದರೆ ಅವರು ತೋಡಿಕೊಂಡದ್ದು ಕೂಡಲಸಂಗಮದೇವನ ಮುಂದೆ. ಮಾರ್ಕಸನು ತನ್ನ ಮುಂದೆ ತಾನೇ. ಈ ಭೇದವನ್ನು ಮರೆಯಬಾರದು.

ಆಧುನಿಕ ಮನೋವಿಜ್ಞಾನವೂ ಈ ವಿಷಯವನ್ನು ಪರೀಕ್ಷಿಸಿದೆ. ಅಮೆರಿಕದ ಜೇಮ್ಸ್ ಪೆನ್ನಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ಬದುಕಿನ ಆಘಾತವನ್ನು, ಘಟನೆ ಮತ್ತು ಭಾವನೆ ಎರಡನ್ನೂ ಸೇರಿಸಿ ಬರೆದವರಿಗೆ ಬರೆದ ಕೂಡಲೇ ದುಃಖ ಹೆಚ್ಚಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿಗೆ ಹೋದದ್ದು ಕಡಿಮೆಯಾಯಿತು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನ ಉಂಟು, ಆದರೆ ಅದು ಸಣ್ಣದು ಎಂದು ಕಂಡುಬಂದಿತು. ಆದ್ದರಿಂದ ದಿನಚರಿಯನ್ನು ಸರ್ವರೋಗ ನಿವಾರಕವೆಂದು ಭಾವಿಸಬಾರದು. ನಿದ್ರೆ ಆಹಾರಗಳನ್ನೇ ಕಸಿಯುವ ದುಃಖಕ್ಕೆ ವೈದ್ಯರ ನೆರವು ಬೇಕೇ ಬೇಕು. ಪೆನ್ನಬೇಕರರ ಮುಂದಿನ ಅಧ್ಯಯನಗಳಲ್ಲಿ ಇನ್ನೊಂದು ಸೂಕ್ಷ್ಮವೂ ಹೊರಬಿತ್ತು. ದಿನದಿಂದ ದಿನಕ್ಕೆ "ಏಕೆಂದರೆ", "ಈಗ ಅರಿವಾಯಿತು" ಎಂಬಂತಹ ಮಾತುಗಳು ಯಾರ ಬರಹದಲ್ಲಿ ಹೆಚ್ಚುತ್ತಿದ್ದವೋ ಅವರಿಗೇ ಹೆಚ್ಚು ಹಿತವಾಗಿತ್ತು.

ಮಾರ್ಕಸನ ಪುನರುಕ್ತಿಯ ಮರ್ಮವೂ ಇದೇ ಎಂದು ನನಗೆ ತೋರುತ್ತದೆ. ಅವನು ಅದೇ ವಿಷಯಕ್ಕೆ ಮರಳುತ್ತಾನೆ, ಆದರೆ ಅದೇ ದಾರಿಯಿಂದ ಮರಳುವುದಿಲ್ಲ. ಗಾಯ ಒಂದೇ, ಅದನ್ನು ನೋಡುವ ಕಣ್ಣು ಪ್ರತಿಸಲ ತುಸು ಬೇರೆ.

ಆ ತಾಯಿ ಮತ್ತೆ ಬಂದಾಗ, "ಅವ್ವಾ, ಬರೆಯುವುದನ್ನು ಬಿಡಬೇಡಿ. ತಿಂಗಳಿಗೊಮ್ಮೆ ಹಿಂದಿನ ಪುಟಗಳನ್ನು ತಿರುವಿ ನೋಡಿ" ಎಂದಷ್ಟೇ ಬಿನ್ನವಿಸಿದೆ. ಅವರು ಅಲ್ಲಿಯೇ ಕುಳಿತು ತಿರುವಿದರು. ಮೊದಲ ಪುಟಗಳಲ್ಲೆಲ್ಲ ಆಸ್ಪತ್ರೆಯ ಆ ಒಂದು ದಿನವೇ ಇತ್ತು. ಈಚಿನ ಪುಟವೊಂದರಲ್ಲಿ, ಹುಡುಗ ಉಪ್ಪು ಖಾರ ಹಚ್ಚಿದ ಮಾವಿನಕಾಯಿಯನ್ನು ಕದ್ದು ತಿಂದು ಸಿಕ್ಕಿಬಿದ್ದ ಕಥೆಯಿತ್ತು. "ಇದನ್ನ ಯಾವಾಗ ಬರದ್ನೋ ನನಗ ನೆನಪಿಲ್ಲ ನೋಡು" ಎಂದು ಅವರು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು.