ಟರ್ನ್‌ಟೇಬಲ್ ಕಂಪನ ತಡೆ

ರೆಕಾರ್ಡ್ ನುಡಿಸುವ ಯಂತ್ರಕ್ಕೆ ನೆಲ, ಮೇಜು ಮತ್ತು ಸ್ಪೀಕರ್‌ಗಳ ನಡುಕ ತಾಗದಂತೆ ಮಾಡುವ ವ್ಯವಸ್ಥೆ. ರೆಕಾರ್ಡಿನ ಗೀರಿನಲ್ಲಿ ಸೂಜಿ ಓದುವ ಏರಿಳಿತಗಳು ಮೈಕ್ರಾನ್ ಅಳತೆಯವು. ಹೊರಗಿನ ಅಲುಗಾಟವನ್ನೂ ಅದು ಸಂಗೀತದ ಜೊತೆಗೇ ಎತ್ತಿಕೊಳ್ಳುತ್ತದೆ. ಸ್ಪೀಕರಿನ ಮಂದ್ರ ನಾದ ಮೇಜಿನ ಮೂಲಕ ಸೂಜಿಗೆ ಮರಳಿದರೆ ಆಂಪ್ಲಿಫೈಯರ್ ಅದನ್ನೇ ಮತ್ತೆ ಹಿಗ್ಗಿಸಿ, ನಿಲ್ಲದ ಮೊರೆತ ಏಳುತ್ತದೆ. ಮರದ ಹಲಗೆಯ ನೆಲದಲ್ಲಿ ಯಾರಾದರೂ ಜೋರಾಗಿ ನಡೆದರೂ ಸೂಜಿ ಹಾರುವುದುಂಟು.

ಇದಕ್ಕೆ ಸೊಗಸಾದ ಪರಿಹಾರ ಕೊಟ್ಟವರು ಅಮೆರಿಕದ ಎಡ್ಗರ್ ವಿಲ್ಚರ್. ಅಕೌಸ್ಟಿಕ್ ರಿಸರ್ಚ್ ಸಂಸ್ಥೆ 1961ರಲ್ಲಿ ಹೊರತಂದ ಅವರ ಯಂತ್ರದಲ್ಲಿ ತಿರುಗುವ ತಟ್ಟೆ ಮತ್ತು ಸೂಜಿಯ ತೋಳು ಒಂದೇ ಲೋಹದ ಚೌಕಟ್ಟಿನ ಮೇಲಿವೆ. ಚೌಕಟ್ಟು ಮೂರು ಸ್ಪ್ರಿಂಗ್‌ಗಳಿಂದ ತೂಗುತ್ತದೆ. ಅಲುಗಿದರೆ ಎರಡೂ ಒಟ್ಟಿಗೇ ಅಲುಗುವುದರಿಂದ ಸೂಜಿ ಗೀರನ್ನು ಬಿಟ್ಟು ಸರಿಯುವುದಿಲ್ಲ. ಮೋಟರ್ ಚೌಕಟ್ಟಿನ ಹೊರಗೆ ಪ್ರತ್ಯೇಕವಾಗಿದ್ದು, ರಬ್ಬರ್ ಬೆಲ್ಟಿನಿಂದ ತಟ್ಟೆಯನ್ನು ತಿರುಗಿಸುತ್ತದೆ. ರೆಕಾರ್ಡ್ ನುಡಿಯುತ್ತಿರುವಾಗಲೇ ಪೆಟ್ಟಿಗೆಗೆ ಸುತ್ತಿಗೆಯಿಂದ ಬಡಿದು ಇದರ ಗುಣವನ್ನು ತೋರಿಸಲಾಗುತ್ತಿತ್ತು. ಥೋರೆನ್ಸ್ ಟಿಡಿ 150 ಮತ್ತು ಸ್ಕಾಟ್ಲೆಂಡಿನ ಲಿನ್ ಸೊಂಡೆಕ್ ಎಲ್‌ಪಿ12 ಯಂತ್ರಗಳು ಇದೇ ಹಾದಿ ಹಿಡಿದವು.

ಸ್ಪ್ರಿಂಗ್ ಎಷ್ಟು ಮೃದುವಾಗಿರಬೇಕು ಎಂಬುದೇ ನಾಜೂಕಿನ ವಿಷಯ. ತೋಳು ಮತ್ತು ಅದರ ತುದಿಯಲ್ಲಿ ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ ಸೇರಿ ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್‌ನಲ್ಲಿ ತಾವಾಗಿಯೇ ಕಂಪಿಸುತ್ತವೆ. ತೂಗುವ ಚೌಕಟ್ಟಿನ ಸಹಜ ಕಂಪನ ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. ಸ್ಪ್ರಿಂಗ್ ಇಲ್ಲದ ಯಂತ್ರಗಳಿಗೆ ಭಾರವಾದ ಕಲ್ಲಿನ ಹಲಗೆ, ಅಡಿಯಲ್ಲಿ ಮೆತ್ತನೆಯ ರಬ್ಬರ್ ಕಾಲು ನೆರವಾಗುತ್ತವೆ. ಮರದ ನೆಲವಿದ್ದರೆ ಗಟ್ಟಿ ಗೋಡೆಗೆ ಬಿಗಿದ ಶೆಲ್ಫೇ ಮೇಲು.