ಅಳಿವೆಯಾಚೆ ನಿಂತ ಹಡಗು

ಬಿಂಡಿಗನವಿಲೆ, ನಾಗಮಂಗಲದ ಕಡೆ ಹಳೆಯ ಮನೆ ಬಿಚ್ಚುವಾಗ ಮೊದಲು ಕೆಳಗಿಳಿಯುವುದು ಹೆಂಚು. ನಾಡಹೆಂಚಾದರೆ ಒಡೆದರೆ ಒಡೆಯಲಿ ಎಂದು ಹಿತ್ತಿಲಿಗೆ ಸುರಿಯುತ್ತಾರೆ. ಮಂಗಳೂರು ಹೆಂಚಾದರೆ ಹಾಗಲ್ಲ. ಒಂದರ ಪಕ್ಕ ಒಂದನ್ನು ಗೋಡೆಗೆ ಒರಗಿಸಿ ಒಟ್ಟುತ್ತಾರೆ, ಮುಂದೆ ಕೊಟ್ಟಿಗೆಗಾದರೂ ಆದೀತು ಎಂದು. ಮಗುಚಿ ನೋಡಿದರೆ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಇಂಗ್ಲಿಷಿನಲ್ಲಿ ಒತ್ತಿರುತ್ತದೆ. ಬಾಸೆಲ್ ಮಿಷನ್ನಿನ ಕೆಲವು ಹೆಂಚುಗಳ ಮೇಲೆ 1865 ಎಂಬ ಇಸವಿಯೂ ಉಂಟು. ‘ನಮ್ಮ ಮನೆ ಅಷ್ಟು ಹಳೇದು’ ಎಂದು ಮನೆಯವರು ಹೆಮ್ಮೆಪಡುತ್ತಾರೆ. ಅದು ಹೆಂಚು ಸುಟ್ಟ ವರ್ಷವಲ್ಲ, ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಕಾರ್ಖಾನೆ ತೆರೆದ ವರ್ಷ.

ಘಟ್ಟದ ಮೇಲಿನ ಒಣ ಸೀಮೆಗೆ ಕಡಲಿನ ಊರೊಂದರ ಹೆಸರು ಬಂದು ಕೂತಿರುವುದು ಹೀಗೆ, ತಲೆಯ ಮೇಲೆ.

ಆ ಊರಿಗೆ ಈಗ ವಿಲಾಸಿ ಹಡಗುಗಳು ಬರುತ್ತವೆ. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ, ನವೆಂಬರಿನಿಂದ ಬೇಸಿಗೆಯವರೆಗೆ, ಮುಂಬೈ, ಗೋವಾ, ಕೊಚ್ಚಿಗಳ ನಡುವೆ ಓಡಾಡುವ ಹಡಗುಗಳು ಒಂದು ಹಗಲಿನ ಮಟ್ಟಿಗೆ ಪಣಂಬೂರಿನಲ್ಲಿ ತಂಗುತ್ತವೆ. ಚೆಂಡೆಯ ಸದ್ದು, ಯಕ್ಷಗಾನದ ವೇಷ, ಹೊರಗೆ ಸಾಲುಗಟ್ಟಿದ ಬಸ್ಸು, ಟ್ಯಾಕ್ಸಿ, ಆಟೊ. ಪ್ರಯಾಣಿಕರು ಕದ್ರಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೇರುಬೀಜದ ಕಾರ್ಖಾನೆ, ಪುರುಸೊತ್ತಿದ್ದರೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಯ ಹೊತ್ತಿಗೆ ಹಡಗು ಹತ್ತಿಬಿಡುತ್ತಾರೆ. ಅವರು ಕಾಣದೆ ಹೋಗುವುದು ಒಂದೇ: ಮಂಗಳೂರಿನ ಬಂದರು.

ಇದು ಚಮತ್ಕಾರದ ಮಾತಲ್ಲ. ಹಡಗು ನಿಲ್ಲುವ ನವಮಂಗಳೂರು ಬಂದರು ಊರಿನಿಂದ ಉತ್ತರಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದ ಪಣಂಬೂರಿನಲ್ಲಿ ನೆಲ ಅಗೆದು ಕಡಲನ್ನು ಒಳಗೆ ಕರೆದುಕೊಂಡ ಕೃತಕ ಬಂದರು. 1974ರ ಮೇ 4ರಂದು ಅದನ್ನು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿಸಿದರು. 1975ರ ಜನವರಿ 11ರಂದು ಇಂದಿರಾ ಗಾಂಧಿ ಉದ್ಘಾಟಿಸಿದರು. ಸಾವಿರ ವರ್ಷಕ್ಕೂ ಹಳೆಯ ಬಂದರು ಬೇರೆ ಕಡೆ ಇದೆ. ಪ್ರವಾಸಿಗರ ಬಸ್ಸು ಕೂಳೂರು ಸೇತುವೆ ದಾಟುವಾಗ ಕೆಳಗೆ ಹರಿಯುವ ಗುರುಪುರ ನದಿಯ ಜಾಡು ಹಿಡಿದು ತೆಂಕಣಕ್ಕೆ ಹೋದರೆ ಅದು ಸಿಗುತ್ತದೆ. ಊರವರು ಅದನ್ನು ಬಂದರ್, ದಕ್ಕೆ ಎನ್ನುತ್ತಾರೆ. ಅಲ್ಲಿ ಗುರುಪುರ ನದಿ ನೇತ್ರಾವತಿಯನ್ನು ಕೂಡುತ್ತದೆ. ಎರಡೂ ಸೇರಿ ಕಡಲಿಗೆ ಬೀಳುವ ಬಾಯಿಗೆ ಅಳಿವೆ ಬಾಗಿಲು ಎಂದು ಹೆಸರು. ನದಿಗೂ ಕಡಲಿಗೂ ನಡುವೆ ಬೆಂಗ್ರೆ ಎಂಬ ಮರಳಿನ ಪಟ್ಟಿ.

ಮಂಗಳೂರಿನ ಇತಿಹಾಸವನ್ನು ಅರಸರಿಗಿಂತ ಹೆಚ್ಚಾಗಿ ಬರೆದದ್ದು ಈ ಮರಳು. ಎರಡು ನದಿಗಳು ಘಟ್ಟದಿಂದ ಹೊತ್ತು ತಂದದ್ದನ್ನು ಕಡಲಿನ ಅಲೆ ಒಳಕ್ಕೆ ತಳ್ಳಿ ಬಾಯಲ್ಲೇ ದಿಬ್ಬ ಕಟ್ಟುತ್ತದೆ. ಚಿಕ್ಕ ನೌಕೆ ಭರತ ನೋಡಿಕೊಂಡು ಒಳಗೆ ನುಸುಳಬಹುದು. ದೊಡ್ಡ ಹಡಗು ಅಳಿವೆಯಾಚೆಯೇ ಲಂಗರು ಹಾಕಬೇಕು. ಸರಕು, ಜನ ಎಲ್ಲವೂ ದೋಣಿಗೆ ಬದಲಾಯಿಸಿ ದಡ ಸೇರಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಹಾಗಿದ್ದರೂ ಇಲ್ಲಿಗೆ ಹಡಗುಗಳು ಬಂದವು. ಘಟ್ಟದಿಂದ ಇಳಿಯುವ ಮೆಣಸು ಬೇಕಿತ್ತು, ಅದಕ್ಕೆ.

6ನೇ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಮಲಬಾರಿನ ಐದು ಮೆಣಸಿನ ಪೇಟೆಗಳನ್ನು ಎಣಿಸುವಾಗ ‘ಮಂಗರೂಥ್’ ಎಂಬ ಹೆಸರನ್ನೂ ಹೇಳುತ್ತಾನೆ. 1342ರ ಸುಮಾರಿಗೆ ಬಂದ ಇಬ್ನ್ ಬತೂತ ಇಲ್ಲಿ ನಾಲ್ಕು ಸಾವಿರದಷ್ಟು ಮುಸಲ್ಮಾನರು ನೆಲೆಸಿದ್ದರೆಂದೂ, ಪರ್ಷಿಯಾ ಮತ್ತು ಯೆಮನ್ನಿನ ವರ್ತಕರು ಇಲ್ಲಿ ಇಳಿಯುತ್ತಿದ್ದರೆಂದೂ, ಮೆಣಸು, ಶುಂಠಿ ಹೇರಳವೆಂದೂ ಬರೆದಿದ್ದಾನೆ. ಬಂದು ಹೋದವರ ಮಾತು ಹಾಗಿರಲಿ. ಬಂದು ಉಳಿದವನೊಬ್ಬನ ಕತೆ ಅದಕ್ಕಿಂತ ರುಚಿಯಾದದ್ದು.

ಆತ ಅಬ್ರಹಾಂ ಬೆನ್ ಯಿಜು, ಇಂದಿನ ಟ್ಯುನೀಶಿಯಾದ ಮಹದಿಯಾ ಊರಿನ ಯಹೂದಿ ವರ್ತಕ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಆ ವರ್ಷದ ಅಕ್ಟೋಬರಿನಲ್ಲಿ ಅಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವಳೇ ಅವನ ಮಡದಿಯಾದಳೆಂದು ವಿದ್ವಾಂಸರ ಊಹೆ. ಕೈರೋದ ಯಹೂದಿ ಪ್ರಾರ್ಥನಾ ಮಂದಿರವೊಂದರ ಉಗ್ರಾಣದಲ್ಲಿ ಉಳಿದ ಕಾಗದಗಳಲ್ಲಿ ಅವನ ಪತ್ರ ವ್ಯವಹಾರ ಸಿಕ್ಕಿದೆ. ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣ ಇಲ್ಲಿಂದ ಏಡನ್ನಿಗೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಇವುಗಳ ಜೊತೆಗೆ ಒಡೆದ ತಾಮ್ರದ, ಕಂಚಿನ ಪಾತ್ರೆಗಳೂ ಬರುತ್ತಿದ್ದವು! ಬೆನ್ ಯಿಜು ಇಲ್ಲಿ ಕಂಚುಗಾರರ ಕಾರ್ಖಾನೆಯೊಂದನ್ನು ನಡೆಸುತ್ತಿದ್ದ. ಏಡನ್ನಿನ ಗೆಳೆಯರು ಹಳೆಯ ತಂಬಿಗೆ, ದೀಪ ಕಳುಹಿಸಿ, ಕರಗಿಸಿ ಹೊಸದು ಮಾಡಿಕೊಡು ಎಂದು ಅಳತೆ ಸಮೇತ ಬರೆಯುತ್ತಿದ್ದರು. ಪಾತ್ರೆ ರಿಪೇರಿಗೆ ಕಡಲು ದಾಟಿಸುವುದೆಂದರೆ ಇಲ್ಲಿನ ಕೈಕೆಲಸ ಎಂಥದ್ದಿರಬೇಕು ಎಂದು ಅನುಮಾನ ಬಂದವರು ಕದ್ರಿಗೆ ಹೋಗಿ ನೋಡಬಹುದು. ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಅಲ್ಲಿದೆ. ಬೆನ್ ಯಿಜು ಬರುವ ಹೊತ್ತಿಗೆ ಅದಕ್ಕೆ ಆಗಲೇ ನೂರರುವತ್ತು ವರ್ಷ ದಾಟಿತ್ತು.

ಆ ಪತ್ರಗಳಲ್ಲಿ ಬೆನ್ ಯಿಜುವಿನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ಮಾಡಿ ಬರುವ ಆಳೊಬ್ಬನಿದ್ದಾನೆ. ಹೀಬ್ರೂ ಅಕ್ಷರದಲ್ಲಿ ಬರೆದ ಅವನ ಹೆಸರನ್ನು ಹೇಗೆ ಓದುವುದೆಂದು ವಿದ್ವಾಂಸರು ತಿಣುಕಾಡುತ್ತಿದ್ದರು. ಕಾದಂಬರಿಕಾರ ಅಮಿತಾವ್ ಘೋಷ್ ಆ ಹೆಸರಿನ ಬೆನ್ನು ಹತ್ತಿ ಮಂಗಳೂರಿಗೇ ಬಂದರು. ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು ‘ಬೊಮ್ಮ’ ಎಂದು ಗೊತ್ತಾಯಿತು. ಕನ್ನಡದವರಿಗೆ ಓದಿದ ಕೂಡಲೇ ಹೊಳೆಯಬಹುದಾದ ಹೆಸರು. 1992ರಲ್ಲಿ ಬಂದ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಪುಸ್ತಕದ ಒಂದು ಎಳೆ ಈ ಬೊಮ್ಮನದೇ.

ಪೋರ್ಚುಗೀಸರ ಕಾಲವನ್ನು ಇಲ್ಲಿ ಬೇಗ ದಾಟಬಹುದು. 1568ರಲ್ಲಿ ಕೋಟೆ ಕಟ್ಟಿದರು, ಉಳ್ಳಾಲದ ಅಬ್ಬಕ್ಕನ ಕೈಯಲ್ಲಿ ಪೆಟ್ಟು ತಿಂದರು, ಇಲ್ಲಿನ ಅಕ್ಕಿಯಿಂದ ಗೋವಾದ ಹೊಟ್ಟೆ ತುಂಬಿಸಿದರು. ಮಸ್ಕತ್ತಿನವರ ತಟ್ಟೆಗೂ ಕೆನರಾದ ಅಕ್ಕಿಯೇ ಬೀಳುತ್ತಿತ್ತು. ಆಮೇಲೆ ಇಕ್ಕೇರಿ, ಬಿದನೂರಿನ ನಾಯಕರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ. ಅದರ ಕೆಳಗಿನ ಕರಾವಳಿ ಮೈಸೂರಿನದಾಯಿತು. ಕಾವೇರಿ ನಡುಗಡ್ಡೆಯ ಶ್ರೀರಂಗಪಟ್ಟಣಕ್ಕೆ ಮೊದಲ ಬಾರಿ ಕಡಲು ದಕ್ಕಿತು.

ದಕ್ಕಿದ್ದನ್ನು ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. 1768ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದರು, ಕೆಲವೇ ತಿಂಗಳಲ್ಲಿ ಬಿಟ್ಟು ಓಡಿದರು. 1783ರಲ್ಲಿ ಮತ್ತೆ ಹಿಡಿದರು. ಈ ಸಲ ಟಿಪ್ಪು ಖುದ್ದಾಗಿ ಬಂದು ಮುತ್ತಿಗೆ ಹಾಕಿದ. ಮೇಜರ್ ಜಾನ್ ಕ್ಯಾಂಪ್‌ಬೆಲ್ ಎಂಬವನ ಪಡೆ ಹಸಿವು, ಕಾಯಿಲೆಗಳಿಂದ ಕರಗುತ್ತ ಮೇ ತಿಂಗಳಿಂದ 1784ರ ಜನವರಿ ಕೊನೆಯವರೆಗೆ ಕೋಟೆಯೊಳಗೆ ಕೂತಿತ್ತು. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಇಂಗ್ಲಿಷ್ ಕಂಪನಿಯ ಕಮಿಷನರುಗಳು ಟಿಪ್ಪುವಿನ ಬೀಡಿಗೇ ಬಂದು ರುಜು ಹಾಕಿದರು. ಇಂಗ್ಲಿಷರಿಗೆ ಇದು ಬಹುಕಾಲ ಚುಚ್ಚುತ್ತಿತ್ತು.

ಅದೇ ವರ್ಷದ ಫೆಬ್ರುವರಿ, ಕ್ರೈಸ್ತರ ಬೂದಿ ಬುಧವಾರ. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕರಾವಳಿಯ ಕಥೊಲಿಕರನ್ನು ಮನೆಮನೆಯಿಂದ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸಂಖ್ಯೆಯ ಬಗ್ಗೆ ಇತಿಹಾಸಕಾರರಿಗೆ ಒಮ್ಮತವಿಲ್ಲ. ಹತ್ತಾರು ಸಾವಿರ ಎನ್ನುವುದರಲ್ಲಿ ತಕರಾರು ಕಡಿಮೆ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು ಹೋಗಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ, ಟಿಪ್ಪು ಬಿದ್ದ ಮೇಲೆ. ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಶ್ರೀರಂಗಪಟ್ಟಣ ಎಂದರೆ ಈ ಸೆರೆಯೇ. ಮಂಡ್ಯದ ಕಡೆಯವರಿಗೆ ಅದೇ ಹೆಸರು ರಂಗನಾಥನನ್ನು, ಗುಂಬಜನ್ನು, ದಸರೆಯನ್ನು ನೆನಪಿಸುತ್ತದೆ. ಒಂದೇ ಊರಿಗೆ ಘಟ್ಟದ ಮೇಲೆ ಒಂದು ಅರ್ಥ, ಕೆಳಗೆ ಇನ್ನೊಂದು.

ಒಪ್ಪಂದದ ವರ್ಷವೇ ಟಿಪ್ಪು ಬೋಳೂರಿನಲ್ಲಿ, ಗುರುಪುರ ನದಿಯ ದಡಕ್ಕೆ, ಕಪ್ಪು ಕಲ್ಲಿನ ಕಾವಲು ಬುರುಜು ಕಟ್ಟಿಸಿದ. ಅದೇ ಇಂದಿನ ಸುಲ್ತಾನ್ ಬತ್ತೇರಿ. ಅದರ ತೂತುಗಳಲ್ಲಿ ಕಣ್ಣಿಟ್ಟು ನೋಡಿದರೆ ಕಾಣುವುದು ಕಡಲಲ್ಲ, ಹೊಳೆ. ಕಡಲಲ್ಲಿ ಇಂಗ್ಲಿಷ್ ಹಡಗುಗಳನ್ನು ತಡೆಯುವ ಶಕ್ತಿ ಮೈಸೂರಿಗಿರಲಿಲ್ಲ. ಒಳಗೆ ನುಗ್ಗಿದವರನ್ನು ಹೊಳೆಯಲ್ಲಿ ಹೊಡೆಯಬಹುದಿತ್ತು. ಟಿಪ್ಪುವಿಗೆ ಈ ಕೊರತೆ ಗೊತ್ತಿತ್ತು. 1796ರಲ್ಲಿ ಹೊರಡಿಸಿದ ಹುಕುಂನಾಮೆಯಲ್ಲಿ ಸುಮಾರು 40 ಯುದ್ಧನೌಕೆಗಳ ಯೋಜನೆಯಿದೆ. ಹೆಚ್ಚಿನ ಪಾಲು ಕಾಗದದ ಮೇಲೇ ಉಳಿಯಿತು. ವ್ಯಾಪಾರದಲ್ಲಿ ಮಾತ್ರ ಅವನ ಕೈ ಚೆನ್ನಾಗಿ ಓಡಿತು: ಮಸ್ಕತ್ತಿನಲ್ಲಿ ಮೈಸೂರಿನ ಕೋಠಿ ಇತ್ತು, ಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿಗೆ ಹೋಗುತ್ತಿದ್ದವು. 1787ರಲ್ಲಿ ಅಮಿನಿದಿವಿ ದ್ವೀಪಗಳ ಜನ ಕಣ್ಣೂರಿನ ಅರಕ್ಕಲ್ ಮನೆತನದ ಕಾಟ ತಾಳಲಾರದೆ ಟಿಪ್ಪುವಿನ ಆಶ್ರಯಕ್ಕೆ ಬಂದರು. ಲಕ್ಷದ್ವೀಪದ ಆ ಭಾಗ ಅಂದಿನಿಂದ 1956ರವರೆಗೆ ಮಂಗಳೂರಿನ ಕೈಕೆಳಗೇ ಇತ್ತು.

ಕೊನೆಗೆ ಶ್ರೀರಂಗಪಟ್ಟಣವನ್ನು ಮುಳುಗಿಸಿದ್ದರಲ್ಲೂ ಈ ಬಂದರಿನ ಪಾಲುಂಟು. 1797ರ ಆರಂಭದಲ್ಲಿ ಜಖಂಗೊಂಡ ಫ್ರೆಂಚ್ ನೌಕೆಯೊಂದು ಮಂಗಳೂರಿಗೆ ಬಂದು ಬಿತ್ತು. ಅದರ ನಾಯಕ ರಿಪೋ, ಮಾತಿನ ಮಲ್ಲ. ಮಾರಿಷಸ್ಸಿನಲ್ಲಿ ಫ್ರೆಂಚ್ ಸೈನ್ಯ ಸಿದ್ಧವಾಗಿದೆ, ಕರೆದರೆ ಸಾಕು ಎಂದು ಟಿಪ್ಪುವಿನ ಕಿವಿಯಲ್ಲಿ ಊದಿದ. ಆಸ್ಥಾನದ ಕೆಲವರು ನಂಬಬೇಡಿ ಎಂದರೂ ಕೇಳದೆ ಸುಲ್ತಾನ ದೂತರನ್ನು ಮಂಗಳೂರಿನಿಂದ ಹಡಗು ಹತ್ತಿಸಿದ. ಗುಟ್ಟಾಗಿ ನಡೆಯಬೇಕಾದ ಕೆಲಸ. ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್ ಅದನ್ನು 1798ರ ಜನವರಿ 30ರಂದು ಗೋಡೆಗೆ ಅಂಟಿಸಿ ಡಂಗುರ ಸಾರಿದ: ಟಿಪ್ಪುವಿನ ಪರ ಹೋರಾಡುವವರು ಮುಂದೆ ಬನ್ನಿ! ಏಪ್ರಿಲ್ ಕೊನೆಯಲ್ಲಿ ದೂತರು ಮಂಗಳೂರಿಗೆ ಮರಳಿದಾಗ ಅವರ ಹಿಂದೆ ಇಳಿದವರು ನೂರು ಜನವೂ ಇರಲಿಲ್ಲ. ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಆ ಪ್ರಕಟಣೆಯ ಹಾಳೆಯೊಂದೇ ಸಾಕಾಯಿತು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ.

ಕರಾವಳಿ ಕಂಪನಿಯ ಪಾಲಾಯಿತು. ಥಾಮಸ್ ಮನ್ರೊ ಮೊದಲ ಕಲೆಕ್ಟರ್. ಮೈಸೂರು ಮತ್ತೆ ಕಡಲಿಲ್ಲದ ಸೀಮೆ. ಹಿಂದಿನ ವರ್ಷವಷ್ಟೇ ನಾಗಮಂಗಲ, ಮೇಲುಕೋಟೆಗಳ ಮೇಲೆ ಹಾದು ಬೆಳೆ, ಬೆಲೆ, ಜಾತಿ, ಕಸುಬುಗಳನ್ನು ಗುರುತು ಹಾಕಿಕೊಂಡಿದ್ದ ಕಂಪನಿಯ ಸಮೀಕ್ಷಕ ಬುಕಾನನ್ 1801ರಲ್ಲಿ ಮಂಗಳೂರನ್ನೂ ಅದೇ ಕಣ್ಣಿನಿಂದ ನೋಡಿದ. ಅವನ ದಿನಚರಿಯಲ್ಲಿ ಎರಡೂ ಸೀಮೆಗಳು ಒಟ್ಟಿಗೇ ಇವೆ. ಆಡಳಿತದಲ್ಲಿ ಅವು ಮತ್ತೆ ಒಂದಾಗಲು 1956ರ ನವೆಂಬರ್ 1 ಬರಬೇಕಾಯಿತು.

ನಡುವಿನ ಕಾಲದಲ್ಲಿ ಊರಿಗೆ ಹೊಸ ಸರಕು ಬಂತು. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಶಾಲೆ, ಮಗ್ಗ, ಅಚ್ಚುಕೂಟ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಹೆಂಚಿನ ಕಾರ್ಖಾನೆಗಳು ಹೊಳೆಯ ದಡಕ್ಕೇ ಎದ್ದವು. ಮಣ್ಣು ಹೊಳೆಯದು, ಸಾಗಿಸುವ ದಾರಿಯೂ ಹೊಳೆಯೇ. ಹೆಂಚು, ಕಾಫಿ, ಗೇರುಬೀಜ ದೋಣಿಯಲ್ಲಿ ಅಳಿವೆ ದಾಟಿ ಹೊರಗೆ ನಿಂತ ಹಡಗು ಸೇರುತ್ತಿದ್ದವು. ಪೂರ್ವ ಆಫ್ರಿಕದವರೆಗೂ ಹೋಗುತ್ತಿದ್ದವು. ಹಡಗಿಗೆ ಸನ್ನೆ ಮಾಡಲು ಬಾವುಟ ಏರಿಸುತ್ತಿದ್ದ ಗುಡ್ಡಕ್ಕೆ ಬಾವುಟಗುಡ್ಡೆ ಎಂದೇ ಹೆಸರು ನಿಂತಿತು. ಅಲೋಶಿಯಸ್ ಚಾಪೆಲ್ ಇರುವುದು ಅದೇ ಗುಡ್ಡದ ಮಗ್ಗುಲಲ್ಲಿ. ಇಟಲಿಯ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಕೂತು, ನಿಂತು, ಮಲಗಿ ಅದರ ಗೋಡೆ, ಮಾಳಿಗೆಗಳನ್ನೆಲ್ಲ ಚಿತ್ರದಿಂದ ತುಂಬಿದ. ವಿಲಾಸಿ ಹಡಗಿನವರು ಕತ್ತೆತ್ತಿ ಅದನ್ನು ನೋಡುತ್ತಾರೆ. ಹೊರಗೆ ಬಂದು ಪಡುವಣಕ್ಕೆ ಕಣ್ಣು ಹಾಯಿಸಿದರೆ ಹಳೆಯ ಬಂದರಿನ ದಿಕ್ಕು.

ಬಿಂಡಿಗನವಿಲೆ ಕಡೆಯವರೂ ಈ ವಿಷಯದಲ್ಲಿ ಹಡಗಿನವರಿಗಿಂತ ಮೇಲಲ್ಲ. ತಮ್ಮೂರಿನ ಗುಡಿಯ ಗರುಡನಿಗೆ ಕೈಮುಗಿದು, ಕದಬಹಳ್ಳಿಯಲ್ಲಿ ಹೆದ್ದಾರಿ ಸೇರಿ, ಹಾಸನ, ಸಕಲೇಶಪುರ, ಶಿರಾಡಿ ದಾಟಿ ಇಳಿಯುತ್ತಾರೆ. ಧರ್ಮಸ್ಥಳದ ಹರಕೆ, ಸುಬ್ರಹ್ಮಣ್ಯದ ಸರ್ಪಸಂಸ್ಕಾರ ಮುಗಿದ ಮೇಲೆ ಮಕ್ಕಳ ಹಟಕ್ಕೆ ಪಣಂಬೂರಿನ ಕಡಲದಂಡೆ. ದೂರದಲ್ಲಿ ಬಿಳಿಯ ಹಡಗು ಕಂಡರೆ ಒಂದು ಫೋಟೊ. ಅಲ್ಲಿಗೆ ಮುಗಿಯಿತು.

ಬಂದರ್ ಪ್ರದೇಶಕ್ಕೆ ಹೋಗಬೇಕಾದರೆ ಬೆಳಿಗ್ಗೆಯೇ ಹೋಗಬೇಕು. ಇಕ್ಕಟ್ಟಾದ ಬೀದಿಗಳಲ್ಲಿ ಸಗಟು ಅಂಗಡಿ, ಮೆಣಸಿನಕಾಯಿ ಘಾಟು, ಲಾರಿಗಳ ಸಾಲು. ಅರಬ್ಬರ ಕಾಲದ್ದೆಂದು ಊರವರು ಹೇಳುವ, ಟಿಪ್ಪು ಜೀರ್ಣೋದ್ಧಾರ ಮಾಡಿಸಿದನೆನ್ನುವ ಜೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ಅಲ್ಲೇ ಇದೆ. ದಕ್ಕೆಯಲ್ಲಿ ಮೀನಿನ ಬೋಟುಗಳು. ಅವುಗಳಾಚೆ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು: ಮರದ ಮೈ, ಉಬ್ಬಿದ ಹೊಟ್ಟೆ, ಹಾಯಿಯ ಬದಲು ಈಗ ಎಂಜಿನ್. ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಹೋಗುತ್ತವೆ, ತೆಂಗಿನ ಸರಕು ತರುತ್ತವೆ. ಮಳೆಗಾಲದಲ್ಲಿ, ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ, ಅವಕ್ಕೆ ಕಡಲಿಗಿಳಿಯಲು ಅಪ್ಪಣೆಯಿಲ್ಲ. ಉಳಿದ ದಿನಗಳಲ್ಲಿ ಮೂಟೆಗಳು ತುಂಬಿದ ಮೇಲೂ ಅವು ಕೂಡಲೇ ಹೊರಡುವುದಿಲ್ಲ. ಆಳುಗಳು ಹಗ್ಗ ಬಿಗಿದು, ಬೀಡಿ ಹಚ್ಚಿ, ಕಟ್ಟೆಯ ಮೇಲೆ ಕೂರುತ್ತಾರೆ. ಅಳಿವೆಯಲ್ಲಿ ನೀರು ಏರಬೇಕು.