ಗಾಜಿನ ತೊಟ್ಟಿಗೆ ಕಡಲಿನ ಸೆಳೆತ: ಹವಳ ಸಾಕಣೆಯಲ್ಲಿ ನೀರಿನ ಚಲನೆಯ ಚರಿತ್ರೆ

ಉಡುಪಿ ಬಳಿಯ ಹೂಡೆಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸ್ವರ್ಣಾ ನದಿ. ಪಡುತೋನ್ಸೆಯ ಈ ಮರಳುಪಟ್ಟಿ ಉತ್ತರಕ್ಕೆ ಸಾಗಿ ಕೋಡಿ ಬೆಂಗ್ರೆಯಲ್ಲಿ ಮುಗಿಯುತ್ತದೆ. ಸ್ವರ್ಣಾ, ಸೀತಾ ಎರಡೂ ಅಲ್ಲಿ ಒಂದೇ ಅಳಿವೆಯಿಂದ ಕಡಲು ಸೇರುತ್ತವೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣಕ್ಕೆ ಹರಿಯುವ ಕರಾವಳಿ ಪ್ರವಾಹ ನವೆಂಬರ್ ಹೊತ್ತಿಗೆ ಉತ್ತರಕ್ಕೆ ತಿರುಗುತ್ತದೆ. ನೀರು ಇಲ್ಲಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಆದರೂ ಹೂಡೆಯ ಕಡಲಲ್ಲಿ ಹವಳದ ದಿಬ್ಬ ಬೆಳೆದಿಲ್ಲ. ಮಳೆಗಾಲದಲ್ಲಿ ನದಿಗಳು ತಂದು ಸುರಿಯುವ ಸಿಹಿನೀರು, ಕದಡಿದ ಕೆಸರು, ನಿಲ್ಲದೆ ಸರಿಯುವ ಮರಳು, ಇವು ಮೂರೂ ಹವಳಕ್ಕೆ ಒಗ್ಗುವುದಿಲ್ಲ. ಕರ್ನಾಟಕದ ಹವಳ ನೋಡಬೇಕೆಂದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು.

ಈ ಕರಾವಳಿಗೂ ಹವಳಕ್ಕೂ ಇರುವ ನಂಟು ನೇತ್ರಾಣಿಗೇ ಮುಗಿಯುವುದಿಲ್ಲ. ಲಕ್ಷದ್ವೀಪದ ಅಮಿನ್‌ದೀವಿ ಗುಂಪಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಳ್ವಿಕೆಗೆ ಬಂದವು. 1799ರಲ್ಲಿ ಇಂಗ್ಲಿಷರ ಪಾಲಾಗಿ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಉಡುಪಿ ಆಗ ಅದೇ ಜಿಲ್ಲೆಯ ತಾಲೂಕು. ದ್ವೀಪದ ಹಾಯಿದೋಣಿಗಳು ತೆಂಗಿನ ನಾರು ಹೊತ್ತು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಹೂಡೆಗೆ ಬಡಿಯುವ ನೈಋತ್ಯ ಮಾರುತದ ಅಲೆಯೇ ಆ ದ್ವೀಪಗಳ ಪಡುವಣ ದಿಬ್ಬಕ್ಕೂ ಬಡಿಯುತ್ತದೆ. ದಿಬ್ಬದ ಮೇಲೆ ಒಡೆದ ಅಲೆಯ ನೀರು ಒಳಗಿನ ಕಡಲಕೊಳಕ್ಕೆ ನುಗ್ಗಿ, ಅಲ್ಲಿ ಸುತ್ತಾಡಿ, ದಿಬ್ಬ ತೆರೆದಿರುವ ಕಂಡಿಗಳಿಂದ ಹೊರಬೀಳುತ್ತದೆ. ಹವಳದ ಬದುಕು ನಿಂತಿರುವುದು ಈ ಓಡಾಟದ ಮೇಲೆ. ಮನೆಯಲ್ಲಿ ಹವಳ ಸಾಕುವ ವಿದ್ಯೆ ಇಷ್ಟು ಸರಳವಾದ ಸಂಗತಿಯನ್ನು ಅರಿಯಲು ನೂರು ವರ್ಷಕ್ಕೂ ಮೀರಿ ಸಮಯ ತೆಗೆದುಕೊಂಡದ್ದು ಏಕೆ? ಈ ಲೇಖನದ ಪ್ರಶ್ನೆ ಅದು.

ತಿಳಿವಳಿಕೆ ಇರಲಿಲ್ಲ ಎಂದು ಹೇಳುವಂತಿಲ್ಲ. 1836ರ ಏಪ್ರಿಲ್‌ನಲ್ಲಿ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ ಬಂದಿದ್ದ ಚಾರ್ಲ್ಸ್ ಡಾರ್ವಿನ್, ಗಟ್ಟಿಮುಟ್ಟಾದ ಹವಳಗಳು ಅಲೆ ಅಪ್ಪಳಿಸುವ ಹೊರಅಂಚಿನಲ್ಲೇ ಚೆನ್ನಾಗಿ ಬೆಳೆಯುವುದನ್ನು ಗಮನಿಸಿದ್ದ. ಹವಳದ ದಿಬ್ಬಗಳ ಕುರಿತ ಅವನ ಪುಸ್ತಕ 1842ರಲ್ಲೇ ಅಚ್ಚಾಯಿತು. ಆದರೆ ಅಕ್ವೇರಿಯಂ ಹುಟ್ಟಿದ್ದು ಬೇರೊಂದು ವಿಚಾರದ ಬೆನ್ನು ಹತ್ತಿ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಮೀನು, ಬಸವನಹುಳು, ನೀರಗಿಡ ಇಷ್ಟನ್ನೂ ಒಂದು ಪಾತ್ರೆಯಲ್ಲಿಟ್ಟರೆ ನೀರು ಬದಲಿಸದೆಯೇ ಅವು ಪರಸ್ಪರ ಬದುಕಿಸಿಕೊಳ್ಳುತ್ತವೆ ಎಂದು ತೋರಿಸಿದ. ಸಿಹಿನೀರಿನ ಮಟ್ಟಿಗೆ ಇದು ದೊಡ್ಡ ಶೋಧವೇ. ಅದನ್ನು ಉಪ್ಪುನೀರಿಗೆ ಹಾಗೆಯೇ ಹೊತ್ತು ತಂದದ್ದರಿಂದ, ನೀರು ನಿಂತೇ ಇದ್ದರೂ ನಡೆಯುತ್ತದೆ ಎಂಬ ನಂಬಿಕೆ ಬೇರೂರಿತು. ಹವಳ ಸಾಕಣೆ ಹಿಂದುಳಿಯಲು ಮುಖ್ಯ ಕಾರಣ ಈ ಎರವಲು ಸಿದ್ಧಾಂತ ಎಂಬುದು ನನ್ನ ವಾದ. ಪಂಪು ಇರಲಿಲ್ಲ ಎಂಬುದು ಎರಡನೆಯ ಮಾತು.

ಇದಕ್ಕೆ ಬಲವಾದ ಸಾಕ್ಷ್ಯ ವಾರಿಂಗ್ಟನ್‌ಗಿಂತ ಮೊದಲೇ ಸಿಗುತ್ತದೆ. 1846ರಲ್ಲಿ ಆನಾ ಥಿನ್ ಎಂಬವರು ಇಂಗ್ಲೆಂಡಿನ ಟಾರ್ಕೀ ಕಡಲತೀರದಿಂದ ಬಟ್ಟಲಿನಾಕಾರದ ಕಲ್ಲುಹವಳಗಳನ್ನು ಲಂಡನ್ನಿನ ತಮ್ಮ ಮನೆಗೆ ಒಯ್ದರು. ಕಡಲು ದೂರ, ಹೊಸ ನೀರು ತರಿಸುವುದು ಕಷ್ಟ. ಹಾಗಾಗಿ ಮನೆಗೆಲಸದ ಹೆಣ್ಣುಮಗಳು ದಿನವೂ ತೆರೆದ ಕಿಟಕಿಯ ಬಳಿ ನಿಂತು ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಿದ್ದಳು. ಹವಳ ಬದುಕಿದವು, ಮರಿಯನ್ನೂ ಇಟ್ಟವು. ಥಿನ್ ತಮ್ಮ ಅವಲೋಕನಗಳನ್ನು 1859ರಲ್ಲಿ ಪ್ರಕಟಿಸಿದರು. ಆ ಕೆಲಸದವಳ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಮನೆಯೊಳಗಿನ ಹವಳಕ್ಕೆ ದುಡಿದ ಮೊದಲ ‘ಪಂಪು’ ಅವಳ ಎರಡು ತೋಳುಗಳು ಎಂದು ದಾಖಲಿಸುವುದು ನ್ಯಾಯ. ಸುರಿಯುತ್ತಿದ್ದ ಉದ್ದೇಶ ನೀರಿಗೆ ಗಾಳಿ ಬೆರೆಸುವುದಷ್ಟೇ. ಚಲನೆಯೇ ಹವಳದ ಅಗತ್ಯ ಎಂದು ಸಾಕುವವರಿಗೆ ಆಗ ಹೊಳೆದಿರಲಿಲ್ಲ.

1853ರಲ್ಲಿ ಲಂಡನ್ ಮೃಗಾಲಯದ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಅಕ್ವೇರಿಯಂನ ಹುಚ್ಚನ್ನು ಮನೆಮನೆಗೆ ಹಬ್ಬಿಸಿತು. ಚಲನೆಯನ್ನು ಗಂಭೀರವಾಗಿ ತೆಗೆದುಕೊಂಡವನು ವಿಲಿಯಂ ಆಲ್ಫರ್ಡ್ ಲಾಯ್ಡ್. 1864ರಲ್ಲಿ ಹ್ಯಾಂಬರ್ಗ್, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್, ಆಮೇಲೆ ನೇಪಲ್ಸ್‌ನಲ್ಲಿ ಆಂಟನ್ ಡೋರ್ನ್ ಕಟ್ಟಿದ ಸಂಶೋಧನಾ ಕೇಂದ್ರ, ಈ ಮೂರಕ್ಕೂ ಲಾಯ್ಡ್‌ನ ಕೈ ತಗಲಿದೆ. ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆಯ ನೆಲಮಾಳಿಗೆ ಟ್ಯಾಂಕಿಯಿಂದ ನೀರನ್ನು ಹಗಲಿರುಳೂ ಮೇಲಕ್ಕೆತ್ತಿ ಮತ್ತೆ ಕೆಳಗಿಳಿಸುವುದು ಅವನ ಕ್ರಮ. ನಮ್ಮ ದಕ್ಷಿಣ ಕನ್ನಡ ಸೇರಿದ್ದ ಮದರಾಸು ಪ್ರಾಂತ್ಯವೂ 1909ರಲ್ಲಿ ಮರೀನಾ ತೀರದಲ್ಲಿ ಸಮುದ್ರ ಅಕ್ವೇರಿಯಂ ತೆರೆಯಿತು. ಲಾಯ್ಡ್‌ನ ವ್ಯವಸ್ಥೆಯಲ್ಲಿ ನೀರು ತೊಟ್ಟಿಯಿಂದ ತೊಟ್ಟಿಗೆ ತಿರುಗುತ್ತಿತ್ತು ನಿಜ. ತೊಟ್ಟಿಯ ಒಳಗೆ, ಪ್ರಾಣಿಯ ಮೈಗೆ ತಾಗುವಲ್ಲಿ, ಅದು ಹೆಚ್ಚುಕಡಿಮೆ ನಿಂತೇ ಇರುತ್ತಿತ್ತು. ತಿರುಗುವುದೇ ಬೇರೆ, ತಾಗುವುದೇ ಬೇರೆ ಎಂಬ ವ್ಯತ್ಯಾಸ ಇನ್ನೂ ದೂರವಿತ್ತು.

ಕಡಲಲ್ಲಿ ಕೆಲಸ ಮಾಡುವವರು ಅಷ್ಟರಲ್ಲಿ ಬಹಳ ಮುಂದೆ ಹೋಗಿದ್ದರು. 1928–29ರಲ್ಲಿ ಸಿ. ಎಂ. ಯಂಗ್ ನೇತೃತ್ವದ ತಂಡ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹವಳದ ಆಹಾರಕ್ರಮವನ್ನೂ ಮೈಮೇಲೆ ಬಿದ್ದ ಹೂಳನ್ನು ಅದು ತೊಡೆದುಹಾಕುವ ಬಗೆಯನ್ನೂ ಅಭ್ಯಸಿಸಿತು. ಬಿಕಿನಿ ದ್ವೀಪದ ದಿಬ್ಬದ ಆಕಾರವೇ ಅಲೆಯ ಶಕ್ತಿಗೆ ಹೊಂದಿಕೊಂಡದ್ದೆಂದು ವಾಲ್ಟರ್ ಮಂಕ್, ಮಾರ್ಸ್ಟನ್ ಸಾರ್ಜೆಂಟ್ 1948ರಲ್ಲಿ ತೋರಿಸಿದರು. ಈ ಬರಹಗಳು ಅಕ್ವೇರಿಯಂ ಮಂದಿಯ ಕೈಗೆ ಬರಲಿಲ್ಲ.

ಮನೆಯ ತೊಟ್ಟಿಯಲ್ಲಿ ಮೊದಲ ದೊಡ್ಡ ಗೆಲುವು ಏಷ್ಯಾದ್ದು. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ತನ್ನ ಪದ್ಧತಿಯನ್ನು ಪ್ರಕಟಿಸಿದ. ಕಡಲಿನಿಂದ ತಂದ ಜೀವಂತ ಕಲ್ಲು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ, ಇಷ್ಟೇ. ಗೆಲುವಿನ ಕೀರ್ತಿಯೆಲ್ಲ ಕಲ್ಲಿಗೇ ಸಂದಿದೆ. ಮೇಲೇಳುವ ಗುಳ್ಳೆಗಳು ತಳದ ನೀರನ್ನು ಮೇಲಕ್ಕೆಳೆದು ತೊಟ್ಟಿಯುದ್ದಕ್ಕೂ ಮಂದವಾದ ಸುತ್ತು ಹಾಕಿಸುತ್ತಿದ್ದವು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಡಲಕೊಳದ ಹವಳಕ್ಕೆ ಅಷ್ಟು ಸಾಕು. ಹೊರಅಂಚಿನ ಕವಲುಹವಳಕ್ಕೆ ಸಾಲದು.

ಆ ಕೊರತೆ ನೀಗಿಸಲು ಅಲೆಯನ್ನೇ ತೊಟ್ಟಿಗೆ ತರಬೇಕಾಯಿತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿ ವಾಲ್ಟರ್ ಏಡಿ 1980ರಲ್ಲಿ ಅಲೆ ಏಳುವ ಹವಳದ ತೊಟ್ಟಿಯನ್ನು ಸಾರ್ವಜನಿಕರಿಗೆ ತೋರಿಸಿದ. ಹವಾಯಿಯ ವೈಕಿಕಿ ಅಕ್ವೇರಿಯಂನ ಬ್ರೂಸ್ ಕಾರ್ಲ್ಸನ್ ಹೆಸರಿನಲ್ಲಿ ಇಂದಿಗೂ ಕರೆಯುವ ಸಾಧನ ಇನ್ನೂ ಸರಳ. ತೊಟ್ಟಿಯ ಮೇಲೊಂದು ಡ್ರಮ್ಮು. ಸಣ್ಣ ಪಂಪು ಅದಕ್ಕೆ ಸಾವಕಾಶವಾಗಿ ನೀರು ತುಂಬುತ್ತದೆ. ಡ್ರಮ್ಮಿನೊಳಗೆ ಕೊಕ್ಕೆಯಂತೆ ಬಗ್ಗಿದ ದಪ್ಪ ಪೈಪು. ನೀರು ಆ ಬಾಗನ್ನು ದಾಟಿದ ಕೂಡಲೇ ಪೈಪು ತಾನಾಗಿ ಎಳೆಯತೊಡಗುತ್ತದೆ. ಡ್ರಮ್ಮಿನ ನೀರೆಲ್ಲ ಕೆಲವೇ ಸೆಕೆಂಡುಗಳಲ್ಲಿ ಹವಳದ ಮೇಲೆ ನುಗ್ಗುತ್ತದೆ. ಪೈಪಿಗೆ ಗಾಳಿ ಹೊಕ್ಕಾಗ ಎಳೆತ ನಿಂತು, ಡ್ರಮ್ಮು ಮತ್ತೆ ತುಂಬತೊಡಗುತ್ತದೆ. ವಾಲ್ವ್ ಇಲ್ಲ, ಸ್ವಿಚ್ಚಿಲ್ಲ. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಯುಕ್ತಿ ಇದು.

ಹವಳಕ್ಕೆ ಇಷ್ಟು ಸೆಳೆತ ಏಕೆ ಬೇಕೆಂಬುದಕ್ಕೆ 1990ರ ದಶಕದಲ್ಲಿ ಸೂಜಿಮೊನೆಯಂಥ ಸಂವೇದಕಗಳು ನೇರ ಉತ್ತರ ಕೊಟ್ಟವು. ಹವಳದ ಮೈಗೆ ತಾಗಿದಂತೆ ಬಲು ತೆಳುವಾದ, ಚಲಿಸದ ನೀರಿನ ಪದರವೊಂದಿದೆ. ಉಸಿರು, ಆಹಾರ, ಕಲ್ಲು ಕಟ್ಟಲು ಬೇಕಾದ ಲವಣ ಎಲ್ಲವೂ ಇದನ್ನು ದಾಟಿಯೇ ಒಳಬರಬೇಕು. ಸೆಳೆತ ಕಡಿಮೆಯಾದರೆ ಪದರ ದಪ್ಪಗಾಗುತ್ತದೆ. ಆಗ ಬೆಳಕಿನಲ್ಲಿ ಆಮ್ಲಜನಕ ಅತಿಯಾಗಿ ಒಟ್ಟುಗೂಡುತ್ತದೆ, ಕತ್ತಲಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಲಕ್ಷದ್ವೀಪವೂ ಸೇರಿ ಲೋಕದ ಹಲವೆಡೆ ಹವಳ 1998ರಲ್ಲಿ ಬಿಸಿಗೆ ಬಿಳಿಚಿಕೊಂಡಿತಷ್ಟೆ. ಆಗ ಕೆಲವು ಉಳಿದು ಕೆಲವು ಸತ್ತದ್ದಕ್ಕೆ ನೀರಿನ ಸೆಳೆತದ ಹೆಚ್ಚುಕಡಿಮೆಯೂ ಒಂದು ಕಾರಣವೆಂದು ನಕಮುರಾ ಮತ್ತು ವಾನ್ ವೂಸಿಕ್ 2001ರಲ್ಲಿ ವಾದಿಸಿದರು. ಮನೆಯ ತೊಟ್ಟಿಗೂ ಸಾಗರಕ್ಕೂ ಒಂದೇ ನಿಯಮ.

ಈ ಶತಮಾನದ ಮೊದಲ ದಶಕದಲ್ಲಿ ಬಂದ ಫ್ಯಾನಿನಂಥ ರೆಕ್ಕೆಯ ಪಂಪುಗಳು ಕೆಲಸವನ್ನು ಹಗುರ ಮಾಡಿದವು. ಹಳೆಯ ಪಂಪು ನೀರನ್ನು ಕಿರಿದಾದ ಧಾರೆಯಾಗಿ ಚಿಮ್ಮಿಸುತ್ತಿತ್ತು. ಇವು ಕಡಿಮೆ ಕರೆಂಟಿನಲ್ಲಿ ಅಗಲವಾಗಿ ತಳ್ಳುತ್ತವೆ. ಮೆದುಹವಳಕ್ಕೆ ಗಂಟೆಗೆ ತೊಟ್ಟಿಯ ನೀರಿನ 10ರಿಂದ 20 ಪಟ್ಟು, ಕವಲುಹವಳಕ್ಕೆ 30ರಿಂದ 50 ಪಟ್ಟು ಎಂಬುದು ಸಾಕುವವರ ರೂಢಿ. ಅಂದರೆ 200 ಲೀಟರಿನ ತೊಟ್ಟಿಗೆ ಕ್ರಮವಾಗಿ 2,000ದಿಂದ 4,000, 6,000ದಿಂದ 10,000 ಲೀಟರ್. ಆದರೆ ಈ ಅಂಕಿ ಪಂಪಿನ ಡಬ್ಬಿಯ ಮೇಲಿನದು, ಹವಳದ ಮೈಮೇಲಿನದಲ್ಲ. ಕಲ್ಲನ್ನು ಹಿಂಬದಿಯ ಗಾಜಿಗೆ ಒತ್ತಿ ಗೋಡೆಯಂತೆ ಪೇರಿಸಿದರೆ ಎಷ್ಟು ದೊಡ್ಡ ಪಂಪಿಟ್ಟರೂ ಹಿಂದೆ ನೀರು ಸಾಯುತ್ತದೆ. ಕಸ ಎಲ್ಲಿ ಹೋಗಿ ಕೂರುತ್ತದೆಯೋ ಅಲ್ಲಿ ಸೆಳೆತವಿಲ್ಲ. ಎದುರುಬದುರು ಎರಡು ಪಂಪಿಟ್ಟು ಸರದಿಯಲ್ಲಿ ಓಡಿಸಬೇಕು, ಮೇಲ್ಮೈ ಸದಾ ನಿರಿಗೆಗಟ್ಟುತ್ತಿರಬೇಕು, ಧಾರೆ ಮಾತ್ರ ನೇರವಾಗಿ ಹವಳಕ್ಕೆ ಹೊಡೆಯಬಾರದು. ಹೊಡೆದರೆ ಮಾಂಸ ಕಿತ್ತು ಬಿಳಿ ಕಲ್ಲು ಕಾಣುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮೂರುಗಳಲ್ಲಿ ಬ್ಯಾಟರಿಯ ಏರ್ ಪಂಪು ಇಲ್ಲದೆ ಇಂಥ ತೊಟ್ಟಿ ಇಡಲೇಬಾರದು.

ಕೊನೆಗೆ ಹೂಡೆಯ, ಮಲ್ಪೆಯ, ಕಾಪುವಿನ ಆಸಕ್ತರಿಗೊಂದು ವಿನಂತಿ. ಕಲ್ಲುಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಜೀವಂತ ಹವಳ ತರುವುದು ಅಪರಾಧ. ಸತ್ತ ಹವಳದ ತುಂಡನ್ನೂ ತರಬೇಡಿ. ತೊಟ್ಟಿಯ ಸೆಳೆತವನ್ನು ಹದ ಮಾಡಲು ಕಲಿಯಬೇಕೆಂದಿದ್ದರೆ ನಾಲ್ಕು ಪಚ್ಚಿಲೆ ಸಾಕು. ಅವೂ ಹರಿವ ನೀರನ್ನೇ ಸೋಸಿ ತಿನ್ನುವ ಜೀವಿಗಳು, ನಮ್ಮ ತೀರದ ಬಂಡೆಗಳಲ್ಲೇ ಸಿಗುತ್ತವೆ. ನೀರನ್ನು ಬೇಸಿಗೆಯ ಉಬ್ಬರದಲ್ಲಿ, ಅಳಿವೆಯಿಂದ ದೂರದಲ್ಲಿ ತುಂಬಿಕೊಳ್ಳಿ, ಉಪ್ಪಿನಂಶ ಅಳೆದು ನೋಡಿ.